ಏಳನೇ ವರ್ಷದ ಮೊದಲ ಶನಿವಾರ

“ಆರೇ ವರ್ಷ ರೀ! ಏಳನೇ ವರ್ಷದ ಮೊದಲ ಶನಿವಾರ ನಾ ಮನಿಯಾಗ ಇರ್ತೀನಿ. ಮಂಡಕ್ಕಿ ಸುಸಲಾ ನಾನೇ ಮಾಡಿ ಕೊಡ್ತೀನಿ. ಮಾತು ಅಂದ್ರ ಮಾತು!”

ಡೆವನ್ ಅವೆನ್ಯೂದ ಹೋಟೆಲಿನಲ್ಲಿ, ಮೊದಲ ಭೇಟಿಯಲ್ಲೇ, ಕಲ್ಮೇಶ್ ಗುರುದೇವಿಗೆ ಕೊಟ್ಟ ಮಾತಿದು. ಅವನು ಸೇನೆಯ ಅರೆಕಾಲಿಕ ಪಡೆಯಾದ ಆರ್ಮಿ ರಿಸರ್ವ್‌ಗೆ ಆರು ವರ್ಷಕ್ಕೆ ಸಹಿ ಹಾಕಿ ಆಗಷ್ಟೇ ಒಂದು ವಾರವಾಗಿತ್ತು. ತಿಂಗಳಿಗೊಂದು ಶನಿವಾರ-ಭಾನುವಾರ ಡ್ರಿಲ್. ಅದೂ ನಾಲ್ಕೈದು ತಾಸು ದೂರದ ಡೆಟ್ರಾಯ್ಟ್ ಪಕ್ಕದ ಯೂನಿಟ್‌ನಲ್ಲಿ!

ಹುಡುಗಿ ನೋಡಲು ಬಂದವನು ಮೊದಲು ಹೇಳುವ ಮಾತೇ ಇದು! ಅವಳಿಗೆ ನಗು ಬಂತು. ಆ ನಗುವಿನಲ್ಲೇ ಒಪ್ಪಿಗೆಯೂ ಇತ್ತು...

ಮದುವೆಯಾಗಿ ಪ್ಲೇನ್‌ಫೀಲ್ಡ್‌ನಲ್ಲಿ ಮನೆ ಮಾಡಿದರು. ನಡುವೆ ಒಂದು ವರ್ಷ ಅವನನ್ನು ಕುವೈತ್‌ಗೂ ಕಳಿಸಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡ್ರಿಲ್ ದಿನಗಳಿಗೆ ಕೆಂಪು ಸುತ್ತು ಹಾಕಿ, ಒಂದೊಂದನ್ನೇ ಹೊಡೆದು ಹಾಕುತ್ತ ಗುರುದೇವಿ ಕಾದಳು.

ಆರು ವರ್ಷ ತುಂಬಲು ಇನ್ನು ಮೂರೇ ವಾರ ಇತ್ತು; ಕೊನೆಯ ಡ್ರಿಲ್ ಮುಗಿದ ಭಾನುವಾರ ಸಂಜೆ ಮನೆತುಂಬ ಜನ. ಕೇಕಿನ ಮೇಲೆ ಅವಳೇ ಬರೆಸಿದ್ದಳು: ‘ಇನ್ನು ಶನಿವಾರ ನನ್ನದು!’

ಕಲ್ಮೇಶನ ಜೊತೆ ಅದೇ ಯೂನಿಟ್‌ನ ಅನುಜ್ ಬಂದಿದ್ದ. ಕೇಕ್ ನೋಡಿ ಬಿದ್ದು ಬಿದ್ದು ನಕ್ಕ.

“ಏನ್ ಅತ್ತಿಗೆ, ಹೋದ ತಿಂಗಳು ತಾನೇ ಇನ್ನೂ ನಾಲ್ಕು ವರ್ಷಕ್ಕೆ ಸೈನ್ ಮಾಡಿರೋನಿಗೆ ಫೇರ್‌ವೆಲ್ಲಾ?”

ಗುರುದೇವಿ ಚಾಕು ಕೆಳಗಿಟ್ಟು ಸೀದಾ ಗ್ಯಾರೇಜಿಗೆ ನಡೆದಳು.

‘ನನ್ನ ಜೋಡಿ ಇರೂದು ಇವರಿಗೆ ಬ್ಯಾಸರಾತೇನು...’

ಹಿಂದೆಯೇ ಓಡಿ ಬಂದ ಕಲ್ಮೇಶ್.

“ಆರು ವರ್ಷ ಸಾಲಲಿಲ್ಲೇನ್ರಿ? ಹೆಂಡ್ತಿನ ಒಂದ್ ಮಾತ್ ಕೇಳ್ಬೇಕಂತ ಅನಸ್ಲಿಲ್ಲ?”

ಅವನು ಫೋನ್ ತೆಗೆದು ಅವಳ ಮುಂದೆ ಹಿಡಿದ. ಅದೊಂದು ಪತ್ರ. ಅದರಲ್ಲಿ ಅವಳ ಪೂರ್ತಿ ಹೆಸರು!

“ಇದೇನು?”

“ಕುವೈತ್‌ಗೆ ಹೋಗಿ ಬಂದದ್ದಕ್ಕ ನನಗ ಸೈನ್ಯದವ್ರೇ ಫೀ ಕಟ್ಟೂ ಕಾಲೇಜ್ ಬೆನಿಫಿಟ್ ಸಿಕ್ಕಿತ್ತಲ್ಲ... ನಾ ಇಂಜಿನಿಯರ್, ಇನ್ನೇನ್ ಓದ್ಲಿ? ಹೆಂಡ್ತಿ ಹೆಸರಿಗೆ ಮಾಡಬಹುದು. ಆದ್ರ ಅದಕ್ಕ ಮತ್ತ ನಾಕ್ ವರ್ಷ ರಿಸರ್ವ್‌ನಾಗ ಇರಬೇಕು. ರೂಲ್ ಹಂಗದ. ಮಂಜೂರಾತಿ ಶುಕ್ರವಾರ ಬಂತು.”

ಗುರುದೇವಿ ಕಣ್ಣೊರೆಸಿಕೊಳ್ಳುತ್ತ ಪತ್ರವನ್ನು ಮತ್ತೊಮ್ಮೆ ಓದಿದಳು.

ಅವಳು ಧಾರವಾಡದಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಸಂಸಾರವನ್ನೆಲ್ಲ ಇಲ್ಲಿನ ಸ್ಕೋಕಿ ಊರಿಗೆ ಕರೆತಂದಿದ್ದರು. ಓದು ಅಲ್ಲಿಗೇ ನಿಂತಿತು. ಆಮೇಲೆ ಅವಳು ಅದರ ಸುದ್ದಿ ಎತ್ತಿರಲಿಲ್ಲ. ಎತ್ತಿರಲಿಲ್ಲವಲ್ಲ... ಆ ಆಸೆ ಇನ್ನೂ ಇದೆಯೆಂದು ಇವನಿಗೆ ಹೇಗೆ ಗೊತ್ತಾಯಿತು?

“ಈ ಲೇಔಟಿನ ಆಂಟಿಗಳ ಬಿ.ಪಿ. ಎಲ್ಲಾ ನಮ್ಮ ಅಡಿಗಿಮನಿಯಾಗ ನೀನೇ ನೋಡ್ತಿ,” ಎಂದ ಕಲ್ಮೇಶ್. “ಡಿಗ್ರಿ ತಗೊಂಡು ನೋಡು ಅಂತ.”

“ಮೊದ್ಲೇ ಹೇಳಿದ್ರ ಏನಾಗ್ತಿತ್ತು?”

“ಬ್ಯಾಡ ಅಂತಿದ್ದಿ.”

ಹೌದು... ಅನ್ನುತ್ತಿದ್ದಳು.

“ಈಗ್ಲೂ ಬ್ಯಾಡ ಅಂದ್ರ?”

“ನಾಕ್ ವರ್ಷ ಸುಮ್ ಸುಮ್ನ ಡೆಟ್ರಾಯ್ಟ್‌ಗೆ ಡ್ರೈವ್ ಮಾಡ್ತೀನಿ, ಮತ್ತೇನು!”

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು!

“ಕ್ಲಾಸ್ ಯಾವಾಗ ಶುರು?”

“ಮೂರ್ ವಾರಕ್ಕ. ಮೊದಲು ಅನಾಟಮಿ, ಶನಿವಾರ ಲ್ಯಾಬ್. ಫಾರ್ಮ್ ತುಂಬೀನಿ, ಸಹಿ ಮಾತ್ರ ನಿಂದೇ ಬೇಕು.”

“ಪೆನ್ ಕೊಡ್ರಿ... ಆದ್ರ ನನ್ನ ಸುಸಲಾ?”

“ಭಾನುವಾರ ಬಂದು ಮಾಡ್ತೀನಿ. ಮಾತು ಅಂದ್ರ...”

ಗುರುದೇವಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಸಮವಸ್ತ್ರದ ಒರಟು ಬಟ್ಟೆಗೆ ಕೆನ್ನೆ ಒತ್ತಿ ಪಿಸುಗುಟ್ಟಿದಳು.

“ಮಾತು ಕೊಡಬ್ಯಾಡ್ರಿ. ಬರ್ರಿ, ಸಾಕು.”

ಏಳನೇ ವರ್ಷದ ಮೊದಲ ಶನಿವಾರ ಕಲ್ಮೇಶ್ ಮನೆಯಲ್ಲಿರಲಿಲ್ಲ. ಸುಸಲಾ ಆಗಲಿಲ್ಲ. ಗುರುದೇವಿ ಕ್ಲಾಸಿನಲ್ಲಿದ್ದಳು.