ಕಂಬದಾಚೆ ಕೂತವಳು

೧೯೩೪ರ ಬೇಸಿಗೆ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ, ಒಂದು ರವಿವಾರ ಮಧ್ಯಾಹ್ನ ನಾದಿನಿ ಸುಲಭಾಳ ಜೊತೆ ಮರಾಠಿ ಸಂಗೀತ ನಾಟಕಕ್ಕೆ ಹೋಗಿದ್ದೆ. ಸುಲಭಾಗೆ ಮುಂದಿನ ಸಾಲು ಸಿಕ್ಕಿತು. ನನ್ನ ಕುರ್ಚಿಯ ಎದುರಿಗೇ ದಪ್ಪ ಕಂಬ. ರಂಗದ ಬಲಭಾಗ ಕಾಣುತ್ತಲೇ ಇರಲಿಲ್ಲ.

ನಾನು ಕತ್ತು ಹೊರಳಿಸುವುದನ್ನು ನೋಡಿ ಪಕ್ಕದ ಮುದುಕಿ ಕನ್ನಡದಲ್ಲೇ ಪಿಸುಗುಟ್ಟಿದಳು. "ಹಸಿರು ಸೀರಿ ಉಟ್ಟಾಕಿ ಕಂಬದಾಚೆ ರಂಗದ ಮ್ಯಾಲೇ ಕೂತಾಳ ನೋಡವಾ. ತಲಿಗೂದಲಿಂದ ನೀರು ಸೋರಲಿಕತ್ತದ."

"ಯಾರ್ರೀ ಆಕಿ?"

"ಗೊತ್ತಿಲ್ಲವಾ. ಯಾರ ಜೋಡಿನೂ ಮಾತಾಡವಲ್ಲಳು."

ಆ ಬಿಸಿಲಿನಲ್ಲೂ ನನಗೆ ಒದ್ದೆ ಕೂದಲ ವಾಸನೆ ಬಂತು.

ಮನೆಗೆ ಹೋಗುವಾಗ ಕೇಳಿದರೆ ಸುಲಭಾ ನಕ್ಕಳು. "ಹಸಿರು ಸೀರಿಯಾಕಿ ಯಾರೂ ಇರಲೇ ಇಲ್ಲಲ್ಲ, ವೈನಿ!"

ನನಗೆ ಸುಮ್ಮನಿರಲಾಗಲಿಲ್ಲ. ಮುಂದಿನ ರವಿವಾರ ಹಟ ಹಿಡಿದು ಮೊದಲ ಸಾಲಿನಲ್ಲೇ ಕೂತೆ. ರಂಗದ ಬಲಭಾಗ ಖಾಲಿಯಿತ್ತು. ಆದರೆ ಪ್ರತಿಯೊಬ್ಬ ನಟನೂ ಅಲ್ಲಿಗೆ ಬಂದಾಗ ಒಂದೇ ಜಾಗವನ್ನು ಸುತ್ತುಬಳಸಿ ಹೋಗುತ್ತಿದ್ದ. ಹಾಡುತ್ತಾ ಹಿಂದೆ ಸರಿದವನೂ ತಿರುಗಿ ನೋಡದೆ ಅದನ್ನು ತಪ್ಪಿಸಿದ.

ನಾಟಕ ಮುಗಿದ ಮೇಲೆ ಧೈರ್ಯ ಮಾಡಿ, ಬಾಗಿಲಲ್ಲಿ ನಿಂತಿದ್ದ ನಾಯಕ ನಟನನ್ನು ಕೇಳಿದೆ, ಅಲ್ಲೇಕೆ ಸುತ್ತಿ ನಡೆಯುತ್ತೀರಿ ಎಂದು.

ಅವನು ಅಚ್ಚರಿಯಿಂದ ನನ್ನನ್ನೇ ನೋಡಿದ. ಮರಾಠಿಯಲ್ಲಿ, "ನಾನು ನೆಟ್ಟಗೇ ನಡೆಯುತ್ತೇನಲ್ಲ, ತಾಯಿ" ಎಂದ.