ಕರಡಿ ನೋಡಲು ಬಂದ ವರ

ಹೆಣ್ಣು ನೋಡಲು ಬಂದವನು ಕರಡಿಯನ್ನೇ ನೋಡುತ್ತಿದ್ದ!

ಅದೂ ಸತ್ತ ಕರಡಿ. ಹೊಟ್ಟೆಗೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದು. ಪಕ್ಕದಲ್ಲೇ ಹಸಿರು ದುಪಟ್ಟಾ ಹೊದ್ದು ನಿಂತಿದ್ದ ನೌರೀನ್ ಕಡೆಗೆ ಉಮೈರ್ ಒಂದು ಸಲವೂ ತಿರುಗಲಿಲ್ಲ.

ಹುಡುಗನ ಕಡೆಯವರು ಮನೆಗೆ ಬಂದು, ಬಿರಿಯಾನಿ ತಿಂದು, ಆಮೇಲೆ ಬೇಡವೆಂದರೆ ಇಡೀ ಗಲ್ಲಿಗೆ ಸುದ್ದಿ. ಅದಕ್ಕೇ ನೌರೀನ್‌ಳ ಅಮ್ಮಿಯ ಅಕ್ಕ, ಖಾಲಾ ಇಮಾಮ್ ಬೀ ಈ ಉಪಾಯ ಹೂಡಿದ್ದರು. ಕಾಕ್ಸ್‌ಟೌನಿನ ಈ ಪುಟ್ಟ ಪ್ರಾಣಿ ಮ್ಯೂಸಿಯಂನಲ್ಲಿ ಹುಡುಗ ಹುಡುಗಿ ನೋಡಿಕೊಳ್ಳಲಿ, ಆಗದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಹೋದ ಸಲದ ಹುಡುಗನ ಮನೆಯವರು ಫೋನ್ ಮಾಡುತ್ತೇವೆ ಎಂದು ಹೋದವರು ಮಾಡಲೇ ಇಲ್ಲ. ಪಾಪ, ಅಮ್ಮಿ ಅಡುಗೆಮನೆಗೂ ಫೋನ್ ಹಿಡಿದುಕೊಂಡೇ ಓಡಾಡಿದ್ದರು.

ಇವನೂ ಹಾಗೇನಾ...

ಆದರೆ ಹಾಳು ಮನಸ್ಸು ಕೇಳಬೇಕಲ್ಲ! ಖಾಲಾಗೆ ಮಂಡಿನೋವು ಎಂದು ತಿಳಿದದ್ದೇ ತಡ, ಉಮೈರ್ ಕಾವಲುಗಾರನನ್ನು ಕಾಡಿ ಬೇಡಿ ಬಾಗಿಲ ಬಳಿ ಕುರ್ಚಿ ಹಾಕಿಸಿದ್ದ. ನೌರೀನ್ ಆಗಲೇ ಸೋತುಬಿಟ್ಟಿದ್ದಳು.

ಹುಲಿ, ಹಾವು, ನವಿಲು... ಎಲ್ಲ ಪೆಟ್ಟಿಗೆಯ ಮುಂದೂ ಅವನದು ಅದೇ ಕಥೆ. ಕತ್ತು ಓರೆ ಮಾಡಿಕೊಂಡು ಗಾಜನ್ನೇ ನೋಡುವುದು, ಅವಳು ಏನು ಕೇಳಿದರೂ ಆ ಕಡೆಗೇ ಉತ್ತರ ಕೊಡುವುದು. ಕೊನೆಗೆ ಅವಳ ಕಣ್ಣು ತುಂಬಿಬಂತು.

“ನಾನು ಇಷ್ಟ ಆಗ್ಲಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಅಮ್ಮಿಗೆ ನಾನೇ ಹೇಳ್ಕೋತೀನಿ. ಅವರನ್ನ ಕಾಯಿಸ್ಬೇಡಿ.”

ಉಮೈರ್ ಬೆಚ್ಚಿದ. ಕಿವಿಯೆಲ್ಲ ಕೆಂಪಾಯಿತು.

“ನಮ್ದು ಶಿವಾಜಿನಗರದಲ್ಲಿ ಗಾಜಿನ ಅಂಗಡಿ ಕಣ್ರೀ. ದಿನಾ ಗಾಜು ಕತ್ತರಿಸೋನು ನಾನು. ಸ್ವಲ್ಪ ಓರೆಯಾಗಿ ನಿಂತ್ರೆ ಪಕ್ಕದೋರು ಅದರಲ್ಲಿ ಚೆನ್ನಾಗಿ ಕಾಣ್ತಾರೆ. ಖಾಲಾ ಮುಂದೆ ನಿಮ್ಮನ್ನ ನೇರವಾಗಿ ನೋಡೋಕೆ ಧೈರ್ಯ ಬರ್ಲಿಲ್ಲ...”

ಅವನು ಗಾಜಿನಲ್ಲಿ ಮೂಡಿದ್ದ ಅವಳ ಬಿಂಬದತ್ತ ಬೆರಳು ತೋರಿಸಿದ.

“ಹಾವಿನ ಹತ್ರ ಕಣ್ಣು ಮುಚ್ಕೊಂಡ್ರಿ. ಹುಲಿ ಹತ್ರ ಚಪ್ಪಲಿ ಕಚ್ತು ಅಂತ ಒಂದೇ ಕಾಲಲ್ಲಿ ನಿಂತ್ರಿ. ನಿಜ ಹೇಳ್ಲಾ? ಪ್ರಾಣಿ ಒಂದನ್ನೂ ನಾನು ನೋಡೇ ಇಲ್ಲ.”

ಉಸ್ಸಪ್ಪಾ! ನೌರೀನ್‌ಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಳುವೋ ನಗುವೋ ತಿಳಿಯದೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಅತ್ತ ಕುರ್ಚಿಯಲ್ಲಿದ್ದ ಇಮಾಮ್ ಬೀ ಗಕ್ಕನೆ ಕಣ್ಣು ಮುಚ್ಚಿ, ನಿದ್ದೆ ಬಂದವರಂತೆ ತಲೆ ವಾಲಿಸಿದರು. ಭಾರಿ ಜಾಣೆ!

“ಖಾಲಾ ಮಲ್ಗಿದ್ದಾರೆ,” ನೌರೀನ್ ಮೆಲ್ಲಗೆ ಹೇಳಿದಳು. “ಈಗ ನೋಡ್ಬಹುದು.”

ಉಮೈರ್ ತಿರುಗಿ ನೇರವಾಗಿ ನೋಡಿದ. ಈಗ ಕಣ್ಣು ತಗ್ಗಿಸುವ ಸರದಿ ಅವಳದಾಯಿತು.

“ಸಂಜೆ ನಮ್ಮಮ್ಮನ್ನ ಕರ್ಕೊಂಡು ಮನೆಗೆ ಬರ್ಲಾ?”

“ಮಗ್ರಿಬ್ ನಮಾಜ್ ಆದ್ಮೇಲೆ ಬನ್ನಿ,” ಎಂದಳು ಅವಳು. “ಬಿರಿಯಾನಿ ನಾನೇ ಮಾಡ್ತೀನಿ.”