ಪರದೆ ಕಪ್ಪಾದ ವಾರಗಳು

ಮೂರನೆಯ ಸಲ ಕಂಪ್ಯೂಟರಿನ ಪರದೆ ಕಪ್ಪಾದಾಗ ಪ್ರಿಸಿಲ್ಲಾಳ ಅನುಮಾನ ಗಟ್ಟಿಯಾಯಿತು. ಇವನೇ ಬೇಕಂತ ಕೆಡಿಸುತ್ತಿದ್ದಾನೆ.

ಇವನೆಂದರೆ ನೆಹೆಮಿಯಾ. ಸಪ್ತಾಪುರದಲ್ಲಿದ್ದ ಅವಳ ಅಪ್ಪನ ಪ್ರೆಸ್ಸಿಗೆ ಕನ್ನಡ ಅಕ್ಷರ ಜೋಡಿಸುವ ಪ್ರೋಗ್ರಾಮ್ ಬರೆದುಕೊಟ್ಟವನು. 1997ರ ಫೆಬ್ರುವರಿಯಲ್ಲಿ ಹೊಸ ಡಿಸ್‌ಪ್ಲೇ ಕಾರ್ಡ್ ಹಾಕಿದಾಗಿನಿಂದ ಈ ತೊಂದರೆ. ಉಣಕಲ್‌ನಿಂದ ಸ್ಕೂಟರಿನಲ್ಲಿ ಬರುತ್ತಿದ್ದ, ಏನೋ ಸರಿಮಾಡಿ ಚಹಾ ಕುಡಿದು ಹೋಗುತ್ತಿದ್ದ. ವಾರದೊಳಗೆ ಮತ್ತೆ ಕತ್ತಲೆ. ಅವಳು ಜೋಡಿಸುತ್ತಿದ್ದ ಚರ್ಚಿನ ಹಾಡಿನ ಪುಸ್ತಕ ಈಸ್ಟರ್‌ಗೆ ಸಿದ್ಧವಾಗಬೇಕಿತ್ತು, ಅರ್ಧವೂ ಆಗಿರಲಿಲ್ಲ.

ಈ ಸಲವೂ ಅವನು ಬಂದು ಕೂತಾಗ ಕಪ್ಪು ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಕಣ್ಣು ಕೀಬೋರ್ಡಿನ ಮೇಲಿರಲಿಲ್ಲ, ಅವಳ ಮೇಲಿತ್ತು.

“ಪ್ರತೀ ಸಲ ಏನ್ ಕೆಡತೈತ್ರಿ ಇದು?”

“ಹೇಳಿದ್ರ ನಿಮಗ ಬ್ಯಾಸರಾಗತೈತ್ರಿ.”

“ಆಗ್ಲಿ. ಹೇಳ್ರಿ.”

ಅವನು ಹಳೆಯ ಪ್ರೂಫ್ ಹಾಳೆಯ ಹಿಂದೆ ಚಿತ್ರ ಬರೆದ. “ನಮ್ಮ ಪ್ರೋಗ್ರಾಮ್ ಪ್ರೊಟೆಕ್ಟೆಡ್ ಮೋಡ್‌ನ್ಯಾಗ ಓಡತೈತಿ, ಅಂದ್ರ ಮೆಮೊರಿ ಪೂರಾ ಬಳಸೋ ಹೊಸಾ ರೀತಿ. ಕಾರ್ಡ್ ಹೊಸಾದಾದ್ರೂ ಅದರಾಗಿನ ಪರದೆ ಬದಲಸೋ ವಿಡಿಯೋ ಬಯೋಸ್ ಹಳೇ ಕಾಲದ್ದು, ಅದಕ್ಕ ಈ ಮೋಡ್ ತಿಳಿಯಂಗಿಲ್ಲ. ಒಂದ್ ಕ್ಷಣ ಹಳೇ ರಿಯಲ್ ಮೋಡ್‌ಗೆ ಇಳದು, ಅದನ್ನ ಕರದು, ಮತ್ತ ಮ್ಯಾಲೆ ಬರಬೇಕು. ಅದು ಉತ್ತರ ಬರಿಯೋ ಜಾಗಾನೂ ಮೆಮೊರಿಯ ಮೊದಲನೇ ಒಂದು ಎಂಬಿ ಒಳಗ ಇರಬೇಕು. ಅದರ ಆಚೆ ಅದಕ್ಕ ಕಣ್ಣ ಕಾಣಂಗಿಲ್ರಿ.”

ಹಾಳೆಯನ್ನು ಅವಳು ಎತ್ತಿಟ್ಟುಕೊಂಡಳು. ಅಂದಿನಿಂದ ಪರದೆ ಕೆಡುವ ಮುಂಚೆ ಏನೇನು ಮಾಡಿದೆ ಎಂದು ಬರೆದಿಡತೊಡಗಿದಳು. ದಪ್ಪ ಅಕ್ಷರಗಳ ದೊಡ್ಡ ಫಾಂಟನ್ನು ಎಲ್ಲಕ್ಕಿಂತ ಮೊದಲು ತೆರೆದ ದಿನ ಮಾತ್ರ ಕತ್ತಲೆ.

ಮುಂದಿನ ಸೋಮವಾರ ಅವನು ಬಂದಾಗ ಪಟ್ಟಿಯನ್ನು ಎದುರಿಗಿಟ್ಟಳು.

“ದೊಡ್ಡ ಫಾಂಟ್ ಕೆಳಗಿನ ಜಾಗಾ, ಆ ಮೊದಲನೇ ಎಂಬಿ, ಎಲ್ಲಾ ತುಂಬತೈತಿ. ಉತ್ತರ ಬರಿಯೋ ಜಾಗ ಒಂದು ಎಂಬಿ ದಾಟಿ ಹೊಕ್ಕೈತಿ. ಹೌದಲ್ರಿ?”

ಅವನ ಬೆರಳು ನಿಂತವು. “ಹೌದ್ರಿ.”

“ನಿಮಗ ಯಾವಾಗ ಗೊತ್ತಾತು?”

ಸುಳ್ಳು ಹೇಳಲು ಅವನಿಗೆ ಸಾಕಷ್ಟು ಸಮಯವಿತ್ತು. “ಮೊದಲಿನ ಎರಡು ಸಲ ಖರೇನ ಗೊತ್ತಿರಲಿಲ್ರಿ. ಹೋದ ವಾರ ಗೊತ್ತಾತು. ಪೂರಾ ಸರಿ ಮಾಡಿದ್ರ ಮತ್ತ ಬರಾಕ ನೆವ ಇರ್ತಿರಲಿಲ್ಲ.”

“ನಿಮ್ಮ ನೆವಕ್ಕ ಪುಸ್ತಕ ತಡಾ ಆಗಿ ನಮ್ಮಪ್ಪ ಪಾಸ್ಟರ್ ಮುಂದ ತಲಿ ತಗ್ಗಿಸಿ ನಿಂತಿದ್ರು!”

ಅವನು ತಲೆ ತಗ್ಗಿಸಿದ. “ತಪ್ಪಾತ್ರಿ.”

ಅವಳೇ ಕೀಬೋರ್ಡ್ ಎಳೆದುಕೊಂಡಳು. ಅವನು ಹೇಳಿದ, ಅವಳು ಟೈಪ್ ಮಾಡಿದಳು: ಪ್ರೋಗ್ರಾಮ್ ಶುರುವಾದ ಕೂಡಲೇ ಕೆಳಗೆ ಸ್ವಲ್ಪ ಜಾಗ ಕಾದಿರಿಸುವ ನಾಲ್ಕು ಸಾಲು. ಹತ್ತು ಸಲ ದೊಡ್ಡ ಫಾಂಟನ್ನೇ ಮೊದಲು ತೆರೆದು ನೋಡಿದರು. ಹತ್ತೂ ಸಲ ಪರದೆ ಬೆಳಗಿತು.

ಅವನು ಚಹಾಕ್ಕೆ ಕಾಯದೆ ಎದ್ದ. “ಇನ್ನ ಕೆಡೂದಿಲ್ರಿ.”

ಬಾಗಿಲವರೆಗೆ ಹೋಗಲು ಬಿಟ್ಟು ಅವಳೆಂದಳು, “ಈಸ್ಟರ್ ಆದ ಮ್ಯಾಲಿನ ರವಿವಾರ ಮನಿಗೆ ಬರ್ರಿ. ಅಪ್ಪ ಇರ್ತಾರ.”

“ಏನಂತ ಹೇಳಿ ಬರ್ಲಿ?”

“ಖರೇ ಹೇಳಿ ಬರ್ರಿ.”

ಹಾಡಿನ ಪುಸ್ತಕ ಹಬ್ಬಕ್ಕೆ ಎರಡು ದಿನ ಮೊದಲೇ ಮುಗಿಯಿತು. ಆ ರವಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ನೆಹೆಮಿಯಾ ಕುರ್ಚಿಯ ತುದಿಯಲ್ಲಿ ಕೂತು ಮೊದಲು ತನ್ನ ತಪ್ಪು ಹೇಳಿಕೊಂಡ. ಆಮೇಲೆ, “ಪ್ರಿಸಿಲ್ಲಾ ಅವರನ್ನ ಮದುವಿಗೆ ಕೇಳಾಕ ಬಂದೇನ್ರಿ” ಎಂದ.

ಅಪ್ಪ ಮಗಳತ್ತ ತಿರುಗಿದರು. ಇಂಥ ಮಾತು ಬಂದಾಗ ಹುಡುಗಿಯರು ಒಳಗೆ ಹೋಗುತ್ತಾರೆ. ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.